ಬೈಕಿನ ಗಾಳಿಮರೆ: ಮೊದಲು ರಟ್ಟು, ಆಮೇಲೆ ಶೀಟು

ಚಳಿ ಬಿತ್ತೆಂದರೆ ವಿಜಯಪುರದ ನಮ್ಮ ಗ್ಯಾರೇಜಿಗೆ ನಸುಕಿನ ಗಿರಾಕಿಗಳದು ಒಂದೇ ತಕರಾರು. ಹೋದ ವಾರ ಹಾಲು ಹಾಕುವ ಹುಡುಗ ಬಂದ. ‘ಕಾಕಾ, ಗಾಳಿ ಎದಿಗೇ ಹೊಡಿತೈತ್ರಿ. ಮುಂದ ದೊಡ್ಡದೊಂದು ಗ್ಲಾಸ್ ಹಚ್ಚಿಬಿಡ್ರಿ.’ ಗ್ಲಾಸ್ ಆಮೇಲೆ, ಮೊದಲು ಒಂದು ರಟ್ಟಿನ ಡಬ್ಬಿ ತಗೊಂಡ್ ಬಾ ಅಂದೆ.

ವೇಗ ಎರಡು ಪಟ್ಟಾದರೆ ಗಾಳಿಯ ಹೊಡೆತ ನಾಲ್ಕು ಪಟ್ಟಾಗುತ್ತದೆ. 40ರಲ್ಲಿ ಹಿತವಾಗಿದ್ದದ್ದು 80ರಲ್ಲಿ ಎದೆ ಒತ್ತುವುದು ಅದಕ್ಕೇ. ಅದನ್ನು ತಡೆಯಲು ದೊಡ್ಡ ಹಲಗೆ ನಿಲ್ಲಿಸಿದರೆ ಅದರ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆಯಿರುವ ಪೊಳ್ಳು ಹುಟ್ಟುತ್ತದೆ. ಅಂಚು ದಾಟಿದ ಗಾಳಿ ಆ ಪೊಳ್ಳಿಗೆ ಸುಳಿಸುತ್ತಿ ನುಗ್ಗುತ್ತದೆ. ಎದೆಗೆ ಬೀಳುತ್ತಿದ್ದ ಏಟು ಈಗ ಹೆಲ್ಮೆಟ್ಟಿಗೆ ಬಿದ್ದು, ಕಿವಿಯಲ್ಲಿ ಗುಂಯ್ ಅನ್ನತೊಡಗುತ್ತದೆ.

ಹಾಗಾಗಿ ಶೀಟು ಕೊಯ್ಯುವ ಮೊದಲು ಆಕಾರ ಪರೀಕ್ಷಿಸಲು ರಟ್ಟನ್ನು ಕತ್ತರಿಸಿ ಹೆಡ್‌ಲೈಟಿನ ಮೇಲ್ಗಡೆ ಟೇಪಿನಿಂದ ಅಂಟಿಸಿ, ಅಂಚಿಗೆ ಗೇಣುದ್ದದ ಉಣ್ಣೆ ದಾರದ ತುಂಡು ನಾಲ್ಕೈದು ಕಟ್ಟಿ. ಖಾಲಿ ರಸ್ತೆಯಲ್ಲಿ ನೀವು 30–40ರಲ್ಲಿ ಹೋಗಿ, ಗೆಳೆಯ ಪಕ್ಕದಲ್ಲಿ ಇನ್ನೊಂದು ಗಾಡಿಯಲ್ಲಿ ಬಂದು ದಾರ ನೋಡಲಿ. ನೆಟ್ಟಗೆ ಹಿಂದಕ್ಕೆ ಮಲಗಿದ್ದರೆ ಗಾಳಿ ಸಲೀಸಾಗಿ ಹೋಗುತ್ತಿದೆ. ಕುಣಿದರೆ ಅಲ್ಲಿ ಮುರಿಯುತ್ತಿದೆ, ರಟ್ಟಿನ ಓರೆ ಬದಲಿಸಿ. ಹೆಡ್‌ಲೈಟಿನ ಮೇಲೆ ಎರಡು ಬೆರಳು ಸಂದಿ ಬಿಡಿ. ಆ ಸಂದಿಯಿಂದ ಏರುವ ಗಾಳಿಯೇ ಪೊಳ್ಳನ್ನು ತುಂಬುತ್ತದೆ. ಈ ಸಂದಿ ಎಷ್ಟೋ ಮಂದಿಗೆ ದಂಡವೆನಿಸುತ್ತದೆ, ಬಟ್ಟೆ ತುರುಕಿ ಮುಚ್ಚಿದವರನ್ನೂ ಕಂಡಿದ್ದೇನೆ.

ಎತ್ತರ ಮೂಗಿನ ಮಟ್ಟ ದಾಟಬಾರದು. ನೋಟ ಅದರ ಮೇಲಿಂದ ಹೋಗಬೇಕು, ಒಳಗಿಂದಲ್ಲ. ಗೀರು ಬಿದ್ದ ಪ್ಲಾಸ್ಟಿಕ್ಕಿನ ಮೇಲೆ ರಾತ್ರಿ ಎದುರಿನ ಲಾರಿಯ ಲೈಟ್ ಬಿದ್ದರೆ ಏನೂ ಕಾಣುವುದಿಲ್ಲ.

ಅಗಲದ ಪಾಠ ನಾನು ಕಲಿತದ್ದು ಕೊಲ್ಹಾರ ಸೇತುವೆ ಮೇಲೆ. ಹುರುಪಿನ ವಯಸ್ಸು, ಎರಡಡಿ ಅಗಲದ ಶೀಟನ್ನು ಹ್ಯಾಂಡಲಿಗೇ ಕ್ಲಾಂಪ್ ಹಾಕಿ ಬಾಗಲಕೋಟೆಗೆ ಹೊರಟಿದ್ದೆ. ಕೃಷ್ಣೆಯ ಹಿನ್ನೀರಿನ ಮೇಲೆ ಅಡ್ಡಗಾಳಿ ಬಡಿದದ್ದೇ ತಡ, ಹ್ಯಾಂಡಲ್ ನನ್ನ ಮಾತು ಕೇಳಲಿಲ್ಲ. 20ರ ವೇಗದಲ್ಲಿ ತೆವಳುತ್ತ ದಾಟಿ, ಶೀಟು ಬಿಚ್ಚಿ ಬಗಲಲ್ಲಿ ಇಟ್ಟುಕೊಂಡು ಊರು ಸೇರಿದೆ. ಹ್ಯಾಂಡಲಿನ ಜೊತೆ ತಿರುಗುವ ಮರೆ ಹೆಡ್‌ಲೈಟಿಗಿಂತ ಆಚೀಚೆ ನಾಲ್ಕು ಬೆರಳು ಹೆಚ್ಚಿದ್ದರೆ ಸಾಕು.

ಶೀಟು 3 ಮಿ.ಮೀ. ಪಾಲಿಕಾರ್ಬೊನೇಟ್ ಇರಲಿ. ಅಕ್ರಿಲಿಕ್ ಅಗ್ಗ, ಹೊಳಪೂ ಹೆಚ್ಚು, ಆದರೆ ಬಿದ್ದಾಗ ಚೂಪು ಚೂರಾಗುತ್ತದೆ. ಪಾಲಿಕಾರ್ಬೊನೇಟಿಗೆ ಪೆಟ್ರೋಲ್, ಥಿನ್ನರ್ ಶತ್ರು. ಒರೆಸಿದರೆ ಜೇಡನ ಬಲೆಯಂಥ ಬಿರುಕು. ಸಾಬೂನು ನೀರು ಸಾಕು. ನಮ್ಮ ಬಿಸಿಲಿಗೆ ಶೀಟು ಹಿಗ್ಗುತ್ತದೆ, ಹಾಗಾಗಿ 6 ಮಿ.ಮೀ. ಬೋಲ್ಟಿಗೆ 8ರ ತೂತು, ಎರಡೂ ಕಡೆ ರಬ್ಬರ್ ವಾಷರ್, ಅದುರಿದರೂ ಸಡಿಲಾಗದ ನೈಲಾಕ್ ನಟ್. ತೂತು ಅಂಚಿಗೆ ತೀರ ಹತ್ತಿರ ಬೇಡ. ರಬ್ಬರ್ ಒತ್ತಿಕೊಳ್ಳುವಷ್ಟು ಬಿಗಿದು ನಿಲ್ಲಿಸಿ. ಮೂಲೆಗಳನ್ನು ದುಂಡಗೆ ಕೊರೆದು, ಅರ ಹಾಕಿ ಉಜ್ಜಿ, ಅಂಚಿಗೆ ರಬ್ಬರ್ ಬೀಡಿಂಗ್ ಕೂರಿಸಿ.

ಕೈಗೆ ಖಾಲಿ ಆಯಿಲ್ ಕ್ಯಾನ್ ಕತ್ತರಿಸಿದ ಮರೆ ಚೆನ್ನಾಗಿ ನಡೆಯುತ್ತದೆ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಕ್ಲಚ್, ಬ್ರೇಕ್ ಹಿಡಿದು ನೋಡಿ, ಎಲ್ಲೂ ತಾಗಬಾರದು. ಕಾಲಿಗೆ ಮರೆ ಕಟ್ಟುವವರು ಎಂಜಿನ್ನಿನ ರೆಕ್ಕೆ ಮುಚ್ಚಬೇಡಿ, ಅದು ಗಾಳಿಯಿಂದಲೇ ತಣ್ಣಗಾಗುವುದು.

ಹಾಲಿನ ಹುಡುಗ ನಿನ್ನೆ ಮತ್ತೆ ಬಂದಿದ್ದ. ಎದೆಗೆ ಗಾಳಿ ನಿಂತಿದೆ, ಕಿವಿಯಲ್ಲಿ ಸದ್ದು ಬಂದಿದೆ. ಸೀಟಿನಿಂದ ತುಸು ಎದ್ದು ನೋಡು, ಸದ್ದು ಕಡಿಮೆಯಾದರೆ ಮೇಲಿನ ಅಂಚಿನದೇ ತಪ್ಪು ಅಂದೆ. ಒಂದು ಸುತ್ತು ಹಾಕಿ ಬಂದು ಹೌದೆಂದು ತಲೆ ಆಡಿಸಿದ. ಮೇಲಿಂದ ಎರಡು ಬೆರಳು ಕೊಯ್ದು ಕಳಿಸಿದೆ. ಇವತ್ತು ನಸುಕಿನಲ್ಲಿ ಕ್ಯಾನು ಕಟ್ಟಿಕೊಂಡು ಹೋಗುವಾಗ ಕೂಗಿ ಹೇಳಿದ: ‘ಕಾಕಾ, ಈಗ ಮೊಬೈಲ್ ರಿಂಗ್ ಕೇಳಿಸ್ತೈತ್ರಿ!’ ಗಾಡಿ ನಿಲ್ಲಿಸಿ ಎತ್ತು ಅಂದೆ.