ಹಳೆಯ ಯೆಜ್ಡಿಯ ಹಿಂಚಕ್ರ: ಬೇರಿಂಗ್ ಬದಲಿಸುವ ಮುನ್ನ

"ಹಿಂದ್ಗಡೆ ಅಲ್ಲಾಡ್ತದೆ ಸಾರ್, ತಿರುವಲ್ಲಿ ಯಾರೋ ಹಿಡ್ಕೊಂಡು ಎಳ್ದಂಗಾಗುತ್ತೆ" ಎಂಬ ದೂರಿನೊಂದಿಗೆ ನಮ್ಮ ಗ್ಯಾರೇಜಿಗೆ ಬರುವ ಜಾವಾ, ಯೆಜ್ಡಿ ಗಾಡಿಗಳಲ್ಲಿ ಬಹುಪಾಲು ಹಿಂಚಕ್ರದ ಬೇರಿಂಗ್ ಸವೆದಿರುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿಂದ ಹೊರಬಂದ ಕಟ್ಟಕಡೆಯ ಗಾಡಿಗೂ ಈಗ ಮೂವತ್ತರ ಆಸುಪಾಸು. ಅಷ್ಟು ವಯಸ್ಸಾದ ಗಾಡಿಯ ಬೇರಿಂಗ್ ಸವೆಯುವುದು ಸಹಜ. ಆದರೆ ಹೊಸದು ಹಾಕಿಸಿದ ಆರೇ ತಿಂಗಳಿಗೆ ಅದೇ ಗಾಡಿ ಅದೇ ದೂರಿನೊಂದಿಗೆ ಮರಳಿ ಬಂದರೆ, ತಪ್ಪು ಬೇರಿಂಗಿನದಲ್ಲ, ಅದನ್ನು ಕೂರಿಸಿದ ಜಾಗದ್ದು ಎಂದೇ ನಾನು ಹುಡುಕಲು ತೊಡಗುತ್ತೇನೆ.

ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಒಂದು ಕೈಯಲ್ಲಿ ಟೈರಿನ ಮೇಲ್ಭಾಗವನ್ನೂ ಇನ್ನೊಂದರಲ್ಲಿ ಕೆಳಭಾಗವನ್ನೂ ಹಿಡಿದು ಅಡ್ಡಡ್ಡಲಾಗಿ ಅಲ್ಲಾಡಿಸಬೇಕು. ಆಗ ಚಕ್ರದ ಜೊತೆಗೆ, ಅದನ್ನು ಎರಡೂ ಬದಿಯಿಂದ ಹಿಡಿದಿರುವ ಸ್ವಿಂಗ್ ಆರ್ಮ್ ಕೂಡ ಅಲ್ಲಾಡಿದರೆ ಸವೆದಿರುವುದು ಅದರ ಬುಡದ ಬುಷ್. ಸ್ವಿಂಗ್ ಆರ್ಮ್ ನಿಶ್ಚಲವಾಗಿದ್ದು ಚಕ್ರ ಮಾತ್ರ ಕಟಕಟ ಎಂದರೆ ಬೇರಿಂಗ್. ಬಳಿಕ ಬ್ರೇಕ್ ರಾಡನ್ನು ಸಡಿಲಿಸಿ, ಚಕ್ರವನ್ನು ಕೈಯಿಂದ ತಿರುಗಿಸುತ್ತ ಸ್ವಿಂಗ್ ಆರ್ಮಿನ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದರೆ, ಕೆಟ್ಟ ಬೇರಿಂಗ್ ಮರಳು ಅಗಿದಂತೆ ಬೆರಳಿಗೆ ತಾಗುತ್ತದೆ. ಬ್ರೇಕ್ ಸಡಿಲಿಸದೆ ಈ ಪರೀಕ್ಷೆ ಮಾಡಿದರೆ ಬ್ರೇಕ್ ಶೂ ಉಜ್ಜುವ ಸದ್ದಿನಲ್ಲಿ ಇದು ಮುಚ್ಚಿಹೋಗುತ್ತದೆ.

ಈ ಗಾಡಿಗಳ ಹಿಂಚಕ್ರ ಬಿಚ್ಚುವುದು ಒಂದು ಸುಖ. ಆಕ್ಸಲ್ ಎಳೆದು, ಬ್ರೇಕಿನ ರಾಡ್ ಮತ್ತು ಆಧಾರವನ್ನು ಬಿಡಿಸಿದರೆ ಚಕ್ರ ಹೊರಬರುತ್ತದೆ; ಚೈನ್, ಚೈನ್ ಕವರ್, ಸ್ಪ್ರಾಕೆಟ್ ಎಲ್ಲವೂ ಇದ್ದಲ್ಲೇ ಇರುತ್ತವೆ. ಕೈಗೆ ಎಣ್ಣೆ ಅಂಟದಂತೆ ಪಂಕ್ಚರ್ ಹಾಕಿಸಲೆಂದೇ ಜೆಕ್ ವಿನ್ಯಾಸಕಾರರು ಇದನ್ನು ಹೀಗೆ ಮಾಡಿದರೋ ಎನಿಸುತ್ತದೆ. ಆದರೆ ಈ ಸುಖದಲ್ಲಿಯೇ ಒಂದು ಮರೆವೂ ಅಡಗಿದೆ. ಹಬ್ಬಿನ, ಅಂದರೆ ಚಕ್ರದ ನಡುಗುಂಬದ, ಒಳಗಿನ ಎರಡು ಬೇರಿಂಗುಗಳನ್ನು ಬದಲಿಸಿ ಕೆಲಸ ಮುಗಿಯಿತೆಂದುಕೊಳ್ಳುವವರು, ಚೈನ್ ಕವರಿನ ಒಳಗೆ ಸ್ಪ್ರಾಕೆಟ್ಟನ್ನು ಹೊತ್ತಿರುವ ಬೇರಿಂಗನ್ನು ನೋಡುವುದೇ ಇಲ್ಲ. ಚಕ್ರ ಹೊರಗಿರುವಾಗ ಸ್ಪ್ರಾಕೆಟ್ಟನ್ನು ಕೈಯಿಂದ ಅಲ್ಲಾಡಿಸಿ ನೋಡಲು ಅರ್ಧ ನಿಮಿಷ ಸಾಕು. ಅಲ್ಲಿಯೇ ಇರುವ ರಬ್ಬರುಗಳು ಗಟ್ಟಿಯಾಗಿ ಸೀಳು ಬಿಟ್ಟಿವೆಯೋ ಎಂಬುದೂ ಆಗ ಕಾಣುತ್ತದೆ.

ಹಬ್ಬಿನ ಎರಡು ಬೇರಿಂಗುಗಳ ನಡುವೆ ಒಂದು ಉಕ್ಕಿನ ಕೊಳವೆ ಇರುತ್ತದೆ. ಇದನ್ನು ನಾವು ಸ್ಪೇಸರ್ ಎನ್ನುತ್ತೇವೆ. ಉದ್ದನೆಯ ಪಂಚಿನಿಂದ ಈ ಕೊಳವೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಆಚೆಯ ಬೇರಿಂಗಿನ ಒಳರಿಂಗಿನ (ಗುಂಡುಗಳ ಒಳಬದಿಯ ಬಳೆಯ) ಅಂಚು ಕಾಣುತ್ತದೆ. ಅದರ ಮೇಲೆ ಸುತ್ತಲೂ ಸಮನಾಗಿ ಬಡಿಯುತ್ತ ಬಂದರೆ ಬೇರಿಂಗ್ ಹೊರಬೀಳುತ್ತದೆ. ಬೇರಿಂಗ್ ಜಾರದಂತೆ ತಡೆಯುವ ಸರ್ಕ್ಲಿಪ್ ಇದ್ದರೆ ಅದನ್ನು ಮೊದಲು ತೆಗೆದಿರಬೇಕು ಎಂದು ಬೇರೆ ಹೇಳಬೇಕಿಲ್ಲ. ಹೊರಬಿದ್ದ ಹಳೆಯ ಬೇರಿಂಗನ್ನು ಎಸೆಯುವ ಮನಸ್ಸಾದರೂ, ಕೊಳವೆಯನ್ನು ಮಾತ್ರ ಒರೆಸಿ ಬೆಳಕಿಗೆ ಹಿಡಿಯಿರಿ.

ಒಂದು ಯೆಜ್ಡಿ ರೋಡ್‌ಕಿಂಗ್ ನನ್ನಲ್ಲಿಗೆ ಬಂದಾಗ ಅದರ ಬೇರಿಂಗನ್ನು ಬೇರೆಡೆ ವರ್ಷದೊಳಗೆ ಎರಡು ಸಲ ಬದಲಿಸಲಾಗಿತ್ತು. ಬಿಚ್ಚಿ ನೋಡಿದರೆ ಮೂಲ ಸ್ಪೇಸರ್ ಇರಲೇ ಇಲ್ಲ. ಅದರ ಜಾಗದಲ್ಲಿ ಗರಗಸದಿಂದ ಕೊಯ್ದ ನೀರಿನ ಪೈಪಿನ ತುಂಡೊಂದು ಇತ್ತು. ತುದಿಗಳು ಓರೆ, ಉದ್ದ ಬೇಕಾದ್ದಕ್ಕಿಂತ ಒಂದು ಮಿಲಿಮೀಟರಿಗೂ ಮೀರಿ ಗಿಡ್ಡ. ಆಕ್ಸಲ್ ನಟ್ ಬಿಗಿಗೊಳಿಸಿದಾಗ ಆ ಒತ್ತಡವನ್ನು ಹೊರಬೇಕಾದದ್ದು ಸ್ಪೇಸರ್. ಅದು ಗಿಡ್ಡವಾದರೆ ಒಳರಿಂಗುಗಳೆರಡೂ ಒಳಮುಖವಾಗಿ ಸರಿಯುತ್ತವೆ, ಹೊರರಿಂಗುಗಳು ಹಬ್ಬಿನ ಮೆಟ್ಟಿಲಿಗೆ (ತೂತಿನೊಳಗೆ ಅವನ್ನು ತಡೆಯುವ ಅಂಚಿಗೆ) ತಾಗಿ ನಿಂತಿರುತ್ತವೆ, ನಡುವಿನ ಗುಂಡುಗಳು ತಮ್ಮ ಹಳ್ಳದ ತಳವನ್ನು ಬಿಟ್ಟು ಅಂಚಿನಲ್ಲಿ ಓಡತೊಡಗುತ್ತವೆ. ನಟ್ಟನ್ನು ಎಷ್ಟು ಶ್ರದ್ಧೆಯಿಂದ ಬಿಗಿಗೊಳಿಸುತ್ತೀರೋ ಅಷ್ಟು ಬೇಗ ಬೇರಿಂಗ್ ಸಾಯುತ್ತದೆ. ಹಬ್ಬಿನ ಎರಡು ಮೆಟ್ಟಿಲುಗಳ ನಡುವಿನ ಅಂತರವನ್ನು ಅಳೆದು, ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಉದ್ದದ ಸ್ಪೇಸರನ್ನು ಲೇತಿನಲ್ಲಿ ಮಾಡಿಸಿದೆ. ತುದಿಗಳು ನೇರವಾಗಿರಬೇಕೆಂದು ಲೇತಿನವರಿಗೆ ಎರಡು ಸಲ ಹೇಳಿದೆ, ಅವರು ಬೇಸರಪಟ್ಟುಕೊಂಡರು.

ಎರಡನೆಯ ಅನುಮಾನ ಹಬ್ಬಿನ ಮೇಲೆ. ಬೇರಿಂಗ್ ಬೆರಳಿನಿಂದ ಒತ್ತಿದರೇ ಒಳಹೋಗುವಂತಿದ್ದರೆ, ಹೊರರಿಂಗ್ ಹಬ್ಬಿನೊಳಗೆ ಸುತ್ತಿ ಸುತ್ತಿ ಅಲ್ಯೂಮಿನಿಯಂ ಸವೆದಿದೆ ಎಂದರ್ಥ. ಅಲ್ಲಿ ಸುತ್ತಲೂ ಪಂಚ್ ಹೊಡೆದು ಉಬ್ಬು ಎಬ್ಬಿಸಿ ಕೂರಿಸುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಆ ಉಬ್ಬುಗಳು ಕೆಲವೇ ದಿನಗಳಲ್ಲಿ ಸಪಾಟಾಗುತ್ತವೆ. ನಾನು ಅದನ್ನು ಮಾಡುವುದಿಲ್ಲ. ಸವೆತ ತೀರಾ ಸಣ್ಣದಾದರೆ ಬೇರಿಂಗ್ ಹಿಡಿಸಲೆಂದೇ ಸಿಗುವ ಅಂಟು ಸಾಕು, ದೊಡ್ಡದಾದರೆ ಹಬ್ಬನ್ನು ಬೋರ್ ಮಾಡಿಸಿ, ಅಂದರೆ ತೂತನ್ನು ಹಿರಿದು ಮಾಡಿಸಿ, ಒಳಗೆ ಸ್ಲೀವ್ ಎಂಬ ಬಳೆ ಹಾಕಿಸುವುದೇ ದಾರಿ.

ಬೇರಿಂಗ್ ಕೊಳ್ಳಲು ಗಾಡಿಯ ಹೆಸರು ಹೇಳಬೇಕಾಗಿಲ್ಲ. ಹಳೆಯದರ ಮೇಲೆ ಕೊರೆದ ಸಂಖ್ಯೆಯನ್ನು ಓದಿದರೆ, ಬೆಂಗಳೂರಿನ ಎಸ್‌.ಜೆ.ಪಿ. ರಸ್ತೆಯಲ್ಲಾಗಲಿ ಯಾವುದೇ ಊರಿನ ಬೇರಿಂಗ್ ಅಂಗಡಿಯಲ್ಲಾಗಲಿ ಅದೇ ಅಳತೆ ಸಿಗುತ್ತದೆ, ಏಕೆಂದರೆ ಈ ಅಳತೆಗಳು ಜಗತ್ತಿಗೆಲ್ಲ ಒಂದೇ. ಉದಾಹರಣೆಗೆ 6302 ಎಂದರೆ ಒಳ ವ್ಯಾಸ 15, ಹೊರ ವ್ಯಾಸ 42, ಅಗಲ 13 ಮಿ.ಮೀ. ಸಂಖ್ಯೆ ಅಳಿಸಿದ್ದರೆ ವರ್ನಿಯರಿನಿಂದ ಈ ಮೂರನ್ನು ಅಳೆದರಾಯಿತು. ಸಂಖ್ಯೆಯ ಮುಂದೆ ಎರಡೂ ಬದಿಗೆ ರಬ್ಬರ್ ಮುಚ್ಚಳವಿರುವ 2ಆರ್‌ಎಸ್ ಎಂಬ ಗುರುತಿನದನ್ನೇ ನಾನು ಹಾಕುತ್ತೇನೆ. ವಾಟರ್ ಸರ್ವಿಸಿನವರ ಪ್ರೆಶರ್ ನೀರು ನೇರವಾಗಿ ಹಬ್ಬಿಗೇ ಹೊಡೆಯುವ ಕಾಲದಲ್ಲಿ ತೆರೆದ ಬೇರಿಂಗ್ ಬಾಳುವುದಿಲ್ಲ. ಮುಚ್ಚಿದ್ದಕ್ಕೆ ಗ್ರೀಸ್ ಸೇರಿಸಬೇಕಿಲ್ಲ. ಹಬ್ಬಿನೊಳಗೆ ಮುಷ್ಟಿಗಟ್ಟಲೆ ಗ್ರೀಸ್ ತುಂಬಿದರೆ ಅದು ಕಾದು ಕರಗಿ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ.

ಕೂರಿಸುವಾಗ ಹಬ್ಬನ್ನು ಬಿಸಿಮಾಡಿ, ಬೇರಿಂಗನ್ನು ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿ ಇಟ್ಟಿರಿ. ಹಬ್ಬಿನ ಬಿಸಿ ಮೊದಲಿದ್ದುದಕ್ಕಿಂತ ಸುಮಾರು 80 ಡಿಗ್ರಿ ಏರಿದರೆ ಅದರ 42 ಮಿ.ಮೀ. ತೂತು 0.07 ಮಿ.ಮೀ.ಯಷ್ಟು ಹಿಗ್ಗುತ್ತದೆ, ಸುತ್ತಿಗೆಯ ಹತ್ತು ಏಟಿನ ಕೆಲಸ ಎರಡಕ್ಕೆ ಇಳಿಯಲು ಅಷ್ಟು ಸಾಕು. ಹಬ್ಬಿನ ಮೇಲೆ ಚಿಮುಕಿಸಿದ ನೀರಿನ ಹನಿ ಚುಂಯ್ ಎಂದರೆ ಬಿಸಿ ಸಾಕಾಗಿದೆ. ಏಟು ಹೊರರಿಂಗಿನ ಮೇಲೆ ಮಾತ್ರ ಬೀಳಬೇಕು. ಒಳರಿಂಗಿಗೆ ಬಿದ್ದ ಏಟು ಗುಂಡುಗಳ ಮೂಲಕ ಸಾಗಿ ಹಳ್ಳದಲ್ಲಿ ಕಣ್ಣಿಗೆ ಕಾಣದ ಗುಳಿಗಳನ್ನು ಒತ್ತುತ್ತದೆ, ಹೊಸ ಬೇರಿಂಗ್ ಮೊದಲ ದಿನವೇ ಗುರುಗುಡುತ್ತದೆ. ಒಂದು ಬದಿಯದು ಮೆಟ್ಟಿಲಿಗೆ ತಾಗಿದ ಮೇಲೆ ಸ್ಪೇಸರ್ ಇಳಿಬಿಟ್ಟು, ಇನ್ನೊಂದು ಬದಿಯ ಒಳರಿಂಗ್ ಸ್ಪೇಸರಿಗೆ ತಾಗಿದ ಕ್ಷಣ ಸುತ್ತಿಗೆ ಕೆಳಗಿಡಬೇಕು.

ಚಕ್ರ ಏರಿಸಿ ಆಕ್ಸಲ್ ನಟ್ ಪೂರ್ತಿ ಬಿಗಿಗೊಳಿಸಿದ ಮೇಲೆ, ಬ್ರೇಕ್ ಹೊಂದಿಸುವ ಮೊದಲೇ ಚಕ್ರವನ್ನು ಒಮ್ಮೆ ತಿರುಗಿಸಿ. ನಟ್ ಸಡಿಲವಿದ್ದಾಗ ಹಗುರಾಗಿ ತಿರುಗಿದ ಚಕ್ರ ಬಿಗಿಗೊಳಿಸಿದ ಮೇಲೆ ಭಾರವಾದರೆ, ಮತ್ತೆ ಬಿಚ್ಚಿ ಆ ಕೊಳವೆಯ ಉದ್ದವನ್ನು ಅಳೆಯಬೇಕು.