ಯಾವ ಕೋವಿ ಬ್ಯಾನ್ ಮಾಡಿದರೆ ಯಾರ ಜೀವ ಉಳಿಯುತ್ತದೆ?

2025ರ ಫೆಬ್ರವರಿಯಲ್ಲಿ ನಾಗಮಂಗಲ ತಾಲ್ಲೂಕಿನ ಒಂದು ಕೋಳಿ ಫಾರಂನಲ್ಲಿ ಹುಡುಗನೊಬ್ಬನ ಕೈಗೆ ಬಂದೂಕು ಸಿಕ್ಕಿತು. ಗುಂಡು ಹಾರಿತು. ಒಂದು ಪುಟ್ಟ ಮಗು ತೀರಿಕೊಂಡಿತು. ಸುದ್ದಿ ಓದಿ ಹೊಟ್ಟೆ ಕಿವುಚಿದ ಹಾಗಾಯಿತು. ಈ ಬಂದೂಕುಗಳನ್ನೆಲ್ಲ ಬ್ಯಾನ್ ಮಾಡಬಾರದಾ ಅಂತ ಅನ್ನಿಸಿತು. ಆದರೆ ನಮ್ಮ ದೇಶದಲ್ಲಿ ಕೆಲವು ಜಾತಿಯ ಬಂದೂಕುಗಳು ಬ್ಯಾನ್ ಆಗಿ ಅರವತ್ತು ವರ್ಷದ ಮೇಲಾಯಿತು. ಆ ಮಗುವಿನ ಜೀವ ತೆಗೆದದ್ದು ಆ ಪಟ್ಟಿಯಲ್ಲಿ ಇರುವ ಮೆಷಿನ್ ಗನ್ ಅಲ್ಲ.

ಈ ಪಟ್ಟಿ ಹೇಗೆ ಹುಟ್ಟಿತು ಅಂತ ನೋಡೋಣ. 1857ರ ದಂಗೆ ಕಂಡು ಬೆದರಿದ ಬ್ರಿಟಿಷರು 1878ರಲ್ಲಿ ಶಸ್ತ್ರಾಸ್ತ್ರ ಕಾಯ್ದೆ ತಂದರು. ಭಾರತೀಯರಿಗೆ ಲೈಸೆನ್ಸ್ ಬೇಕು, ಯುರೋಪಿನವರಿಗೆ ಬೇಡ. ಜೀವ ಉಳಿಸಲು ಮಾಡಿದ ಕಾನೂನು ಅದಲ್ಲ, ಜನರ ಕೈ ಕಟ್ಟಲು ಮಾಡಿದ್ದು. ಇಡೀ ದೇಶದ ಕೈಯಿಂದ ಆಯುಧ ಕಿತ್ತುಕೊಂಡದ್ದು ಬ್ರಿಟಿಷರ ಅತಿ ಕೆಟ್ಟ ಕೆಲಸ ಅಂತ ಗಾಂಧೀಜಿಯೇ 1918ರಲ್ಲಿ ಬರೆದರು.

ಕೊಡವರಿಗೆ ಮಾತ್ರ ಈ ಕಾಯ್ದೆಗೂ ಮೊದಲೇ, 1861ರಲ್ಲಿ, ಆಯುಧ ಇಟ್ಟುಕೊಳ್ಳಲು ವಿನಾಯಿತಿ ಸಿಕ್ಕಿತ್ತು. ಅದು ಈಗಲೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷ ಮುಂದುವರಿಸಿತು. ಪಿರಿಯಾಪಟ್ಟಣ ದಾಟಿ ಕೊಪ್ಪದ ಸೇತುವೆ ಮೇಲೆ ಕಾವೇರಿ ದಾಟಿದರೆ ಕುಶಾಲನಗರ. ಹೊಳೆಯ ಆಚೆ ಕೊಡವರಿಗೆ, ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಲೈಸೆನ್ಸ್ ಬೇಕಿಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಇಟ್ಟು ಪೂಜೆ ಮಾಡುತ್ತಾರೆ. ಈಚೆ ದಡದ ರೈತ ಅದೇ ತರದ ಕೋವಿಗೆ ಲೈಸೆನ್ಸ್ ಕೇಳಿಕೊಂಡು ಮೈಸೂರಿನ ಡಿಸಿ ಆಫೀಸಿಗೆ ಅಲೆಯಬೇಕು.

ಸ್ವಾತಂತ್ರ್ಯ ಬಂದ ಮೇಲೆ 1959ರ ಕಾಯ್ದೆ ಬಂತು, 1962ರಲ್ಲಿ ಜಾರಿಯಾಯಿತು. ಟ್ರಿಗರ್ ಒತ್ತಿ ಹಿಡಿದರೆ ಗುಂಡು ಸುರಿಸುತ್ತಲೇ ಇರುವ ಆಟೊಮ್ಯಾಟಿಕ್ ಬಂದೂಕು ಸಾಮಾನ್ಯ ಜನರಿಗೆ ಇಲ್ಲ. ನಳಿಗೆಯ ಒಳಗಿನ ಅಳತೆ, ಅಂದರೆ ಬೋರ್ ನೋಡಿ ಇನ್ನೊಂದು ಗೆರೆ ಎಳೆದರು. .303 ರೈಫಲ್, 9 ಎಂಎಂ ಪಿಸ್ತೂಲು ನಿಷೇಧಿತ ಬೋರ್. .315 ರೈಫಲ್, .32 ರಿವಾಲ್ವರ್, 12 ಬೋರ್ ತೋಟಾ ಕೋವಿಗೆ ಜಿಲ್ಲಾ ಮಟ್ಟದಲ್ಲೇ ಲೈಸೆನ್ಸ್ ಸಿಗುತ್ತದೆ. ಸೇನೆ, ಪೊಲೀಸರು ಬಳಸುವ ಗುಂಡು ಹೊರಗಿನವರ ಕೈಗೆ ಹೋಗಬಾರದು ಅನ್ನುವುದೇ ಇದರ ಹಿಂದಿನ ಲೆಕ್ಕ. .32 ಗುಂಡು ತಗುಲಿದರೆ ಮನುಷ್ಯ ಬದುಕುತ್ತಾನೆ ಅಂತ ಅಲ್ಲವೇ ಅಲ್ಲ.

ಈ ಗೆರೆ ನಮ್ಮನ್ನು ಕಾಪಾಡಿತಾ? ಹಳೆಯ ಮೈಸೂರು ಜಿಲ್ಲೆಯನ್ನೇ ನೋಡಿ. 1992ರ ಮೇ ತಿಂಗಳಲ್ಲಿ ವೀರಪ್ಪನ್ ತಂಡ ಕೊಳ್ಳೇಗಾಲ ತಾಲ್ಲೂಕಿನ ರಾಮಾಪುರ ಪೊಲೀಸ್ ಠಾಣೆಗೆ ನುಗ್ಗಿ ಐವರು ಪೊಲೀಸರನ್ನು ಕೊಂದು ಬಂದೂಕುಗಳನ್ನು ಹೊತ್ತೊಯ್ದಿತು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಮೈಸೂರು ಎಸ್‌ಪಿ ಟಿ. ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರನ್ನು ಅದೇ ತಂಡ ಬಲಿ ತೆಗೆದುಕೊಂಡಿತು. ಜನರಿಗೆ ಕೊಡಬಾರದು ಅಂತ ಕಾನೂನು ಕಟ್ಟಿಟ್ಟ ಆಯುಧ ಠಾಣೆಯಿಂದಲೇ ಹೋಗಿತ್ತು.

2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಇಬ್ಬರನ್ನೂ ಕೊಂದದ್ದು 7.65 ಎಂಎಂ ನಾಡ ಪಿಸ್ತೂಲು, ಅದೂ ಒಂದೇ ಪಿಸ್ತೂಲು ಅಂತ ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಅಳತೆ ನೋಡಿದರೆ ಅದು ಲೈಸೆನ್ಸ್ ಕೊಡುವ .32 ಬೋರ್. ಆದರೆ ಆ ಪಿಸ್ತೂಲು ಯಾವ ಲೈಸೆನ್ಸ್ ಪುಸ್ತಕದಲ್ಲೂ ಇರಲಿಲ್ಲ. ದೇಶದಲ್ಲಿ ಗುಂಡಿಗೆ ಬಲಿಯಾಗುವವರಲ್ಲಿ ಬಹುಪಾಲು ಜನ ಸಾಯುವುದು ಇಂಥ ಲೈಸೆನ್ಸ್ ಇಲ್ಲದ ಆಯುಧಗಳಿಂದಲೇ.

ಹಾಗಂತ ನಿಷೇಧ ಸುಮ್ನೆ ಕಾಗದದ ಮಾತು ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆಸ್ಟ್ರೇಲಿಯಾದ ಪೋರ್ಟ್ ಆರ್ಥರ್‌ನಲ್ಲಿ 1996ರ ಏಪ್ರಿಲ್ 28ರಂದು ಒಬ್ಬನೇ 35 ಜನರನ್ನು ಕೊಂದ. ಸರ್ಕಾರ ಸೆಮಿ ಆಟೊಮ್ಯಾಟಿಕ್ ರೈಫಲ್‌ಗಳನ್ನು, ಅಂದರೆ ಒಂದೊಂದು ಸಲ ಟ್ರಿಗರ್ ಒತ್ತಿದಾಗಲೂ ಒಂದು ಗುಂಡು ಹಾರಿಸಿ ಮುಂದಿನದನ್ನು ತಾನೇ ತುಂಬಿಕೊಳ್ಳುವಂಥವನ್ನು, ಮತ್ತು ಕೈಹಿಡಿ ಹಿಂದೆ ಮುಂದೆ ಎಳೆದು ತೋಟಾ ತುಂಬುವ ಪಂಪ್ ಆಕ್ಷನ್ ಶಾಟ್‌ಗನ್‌ಗಳನ್ನು ನಿಷೇಧಿಸಿತು. ಅಲ್ಲಿಗೇ ನಿಲ್ಲಲಿಲ್ಲ. ತೆರಿಗೆ ಹಾಕಿ ದುಡ್ಡು ಕೂಡಿಸಿ, ಜನರ ಕೈಯಲ್ಲಿದ್ದ ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಬೆಲೆ ಕೊಟ್ಟು ವಾಪಸ್ ತೆಗೆದುಕೊಂಡು ನಾಶ ಮಾಡಿತು. ಪ್ರತಿ ಬಂದೂಕೂ ನೋಂದಣಿಯಾಗಬೇಕು ಅಂತ ನಿಯಮ ಮಾಡಿತು. ಅದಕ್ಕೆ ಹಿಂದಿನ 18 ವರ್ಷದಲ್ಲಿ ಅಲ್ಲಿ 13 ಸಾಮೂಹಿಕ ಹತ್ಯೆಗಳು ನಡೆದಿದ್ದವು. ಆಮೇಲೆ 22 ವರ್ಷ ಅಂಥದ್ದು ನಡೆಯಲಿಲ್ಲ. ಗುಂಡಿನ ಸಾವು ಮೊದಲೇ ಇಳಿಯುತ್ತಿತ್ತು ಅನ್ನುವವರೂ ಇದ್ದಾರೆ, ಅದು ಸುಳ್ಳಲ್ಲ. ಆದರೂ ಸಾಮೂಹಿಕ ಹತ್ಯೆಯ ಲೆಕ್ಕ ಕಣ್ಣಿಗೆ ಹೊಡೆಯುತ್ತದೆ.

ಅಮೆರಿಕ 1994ರಲ್ಲಿ ಮಾಡಿದ್ದು ಅರ್ಧ ಕೆಲಸ. ಮಡಚುವ ಹಿಡಿ, ಪಿಸ್ತೂಲಿನಂಥ ಹಿಡಿ ಅಂತ ಬಂದೂಕಿನ ರೂಪ ನೋಡಿ ನಿಷೇಧದ ಪಟ್ಟಿ ಮಾಡಿದರು. 10ಕ್ಕಿಂತ ಜಾಸ್ತಿ ಗುಂಡು ಹಿಡಿಸುವ ಹೊಸ ಮ್ಯಾಗಜೀನ್ ಬೇಡ ಅಂದರು. ಮನೆಗಳಲ್ಲಿ ಆಗಲೇ ಇದ್ದವನ್ನು ಮುಟ್ಟಲಿಲ್ಲ. ತಯಾರಕರು ಒಂದೆರಡು ಭಾಗ ತೆಗೆದು ಅದೇ ಬಂದೂಕು ಮಾರಿದರು. 2004ರಲ್ಲಿ ಕಾನೂನಿನ ಅವಧಿಯೇ ಮುಗಿಯಿತು. ಅಲ್ಲಿನ ಕೊಲೆಗಳಲ್ಲಿ ಹೆಚ್ಚು ಬಳಕೆಯಾಗುವುದು ಸಾಧಾರಣ ಕೈಬಂದೂಕು. ಅದು ಪಟ್ಟಿಯ ಹೊರಗೇ ಇತ್ತು. ಒಟ್ಟು ಸಾವಿನ ಲೆಕ್ಕ ಎಷ್ಟು ತಾನೇ ಬದಲಾಗುತ್ತದೆ, ಹೇಳಿ? ಬ್ರಿಟನ್ ಆ ಕೈಬಂದೂಕನ್ನೇ 1997ರಲ್ಲಿ ನಿಷೇಧಿಸಿತು. ಹಿಂದಿನ ವರ್ಷ ಅಲ್ಲಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳು, ಒಬ್ಬ ಟೀಚರ್ ಕೈಬಂದೂಕಿನ ಗುಂಡಿಗೆ ಸತ್ತಿದ್ದರು. ಅಲ್ಲೂ ಕಳ್ಳದಾರಿಯ ಪಿಸ್ತೂಲುಗಳಿಂದ ಮೊದಲ ಕೆಲವು ವರ್ಷ ಅಪರಾಧ ಏರಿತು, ಆಮೇಲೆ ಇಳಿಯಿತು.

ಇಷ್ಟು ಓದಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಒಂದೇ ಕ್ಷಣದಲ್ಲಿ ಹತ್ತಾರು ಜನರನ್ನು ಕೊಲ್ಲುವ ಆಯುಧವನ್ನು ನಿಷೇಧಿಸಲೇಬೇಕು. ನಮ್ಮಲ್ಲಿ ಆ ಬಾಗಿಲು ಮುಚ್ಚಿರುವುದು ದೊಡ್ಡ ಪುಣ್ಯ. ಆದರೆ ದಿನದಿನದ ಸಾವು ಇನ್ನೆರಡು ಬಾಗಿಲಿಂದ ಬರುತ್ತಿದೆ. ಒಂದು, ನಾಡ ಪಿಸ್ತೂಲು, ನಾಡ ಕೋವಿಗಳ ಕಳ್ಳ ತಯಾರಿಕೆ. ಇನ್ನೊಂದು, ಮನೆಯಲ್ಲಿ ಮಕ್ಕಳ ಕೈಗೆ ಎಟುಕುವ ಬಂದೂಕು.

ರೈತನ ಕೋವಿಯನ್ನೇ ಕಿತ್ತುಕೊಂಡರೆ? ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನಲ್ಲಿ ಕಾಡುಹಂದಿ ಒಂದೇ ರಾತ್ರಿಯಲ್ಲಿ ಜೋಳದ ಹೊಲ ಮುಗಿಸಿಬಿಡುತ್ತದೆ. ಅಲ್ಲಿ ಕೋವಿ ಇರುವುದು ಗಾಳಿಯಲ್ಲಿ ಹಾರಿಸಿ ಹೆದರಿಸಲು. ಅದಿಲ್ಲದ ಕಡೆ ಹಂದಿಗೆ ಅಂತ ಸಿಡಿಮದ್ದು ಇಡುವವರು ಇದ್ದಾರೆ. ಅದನ್ನು ಕಚ್ಚಿದ ಹಸುವಿನ ದವಡೆ ಒಡೆದುಹೋಗುತ್ತದೆ.

ನಮ್ಮ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ ಒಬ್ಬರಿಗೆ ಮೂರು ಇದ್ದದ್ದನ್ನು ಎರಡು ಬಂದೂಕಿಗೆ ಇಳಿಸಿತು, ಕಳ್ಳ ತಯಾರಿಕೆಗೆ ಶಿಕ್ಷೆ ಹೆಚ್ಚಿಸಿತು. ಒಳ್ಳೆಯದೇ. ಆದರೆ ಒಂದೇ ಕೋವಿ ಇರುವ ಮನೆಯ ಒಳಗೆ ಏನಾಗುತ್ತಿದೆ ಅಂತ ಯಾರು ನೋಡುತ್ತಾರೆ? ಪ್ರತಿ ಚುನಾವಣೆಗೂ ಲೈಸೆನ್ಸ್‌ದಾರರು ಕೋವಿ ಹೊತ್ತು ಠಾಣೆಗೆ ಬರುತ್ತಾರೆ. ಪೊಲೀಸರು ಕೋವಿ ಇಟ್ಟುಕೊಂಡು ರಸೀದಿ ಕೊಡುತ್ತಾರೆ. ಫಲಿತಾಂಶ ಬಂದ ಮೇಲೆ ವಾಪಸ್ ಕೊಡುವಾಗ ಇನ್ನು ಮೂರು ಮಾತು ಕೇಳಲಿ: ಕೋವಿಯನ್ನು ಮನೆಯಲ್ಲಿ ಎಲ್ಲಿ ಇಡುತ್ತೀರಿ, ತೋಟಾ ಎಲ್ಲಿರುತ್ತೆ, ಬೀರುವಿನ ಕೀಲಿ ಯಾರ ಹತ್ತಿರ?