ಔಟ್‌ಬಾಕ್ಸ್ ಬಿಟ್ಟು ಕದಲದ ಇಮೇಲ್

ಬರಬೇಕಾದ ಇಮೇಲ್‌ಗಳೆಲ್ಲ ಬರುತ್ತಿವೆ, ನಾವು ಬರೆದದ್ದು ಮಾತ್ರ ಔಟ್‌ಬಾಕ್ಸ್ ಬಿಟ್ಟು ಕದಲುತ್ತಿಲ್ಲ. ಔಟ್‌ಲುಕ್, ಥಂಡರ್‌ಬರ್ಡ್‌ನಂಥ ತಂತ್ರಾಂಶಗಳನ್ನು ಬಳಸುವವರಿಗೆ ಈ ತೊಂದರೆ ಹೊಸದಲ್ಲ. ಪತ್ರಗಳು ಬರುತ್ತಿರುವುದರಿಂದ ಇಂಟರ್‌ನೆಟ್ಟೂ ಪಾಸ್‌ವರ್ಡೂ ಸರಿಯಾಗಿಯೇ ಇರಬೇಕು, ಹಾಗಾಗಿ ಕಂಪ್ಯೂಟರೇ ಕೆಟ್ಟಿರಬೇಕು ಎಂಬ ತೀರ್ಮಾನಕ್ಕೆ ಹಲವರು ಬರುತ್ತಾರೆ. ಮೇಲ್ನೋಟಕ್ಕೆ ಸರಿಯೆನಿಸಿದರೂ ಈ ತರ್ಕ ನಿಲ್ಲುವುದಿಲ್ಲ. ಪತ್ರ ತರಿಸಿಕೊಳ್ಳುವುದು ಪಾಪ್ ಅಥವಾ ಐಮ್ಯಾಪ್ ಎಂಬ ವಿಧಾನದಿಂದ, ಕಳುಹಿಸುವುದು ಎಸ್‌ಎಂಟಿಪಿ ಎಂಬ ಬೇರೆಯದೇ ವಿಧಾನದಿಂದ. ಎರಡಕ್ಕೂ ಸಾಮಾನ್ಯವಾಗಿ ಸರ್ವರ್ ಹೆಸರು ಬೇರೆ, ಪೋರ್ಟ್ ಎಂಬ ಬಾಗಿಲಿನ ಸಂಖ್ಯೆ ಬೇರೆ, ಅನೇಕ ತಂತ್ರಾಂಶಗಳಲ್ಲಿ ಪಾಸ್‌ವರ್ಡ್ ತುಂಬುವ ಜಾಗವೂ ಬೇರೆ.

ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜಾನ್ ಪೋಸ್ಟೆಲ್ 1982ರಲ್ಲಿ ಬರೆದಿಟ್ಟ ಎಸ್‌ಎಂಟಿಪಿ ನಿಯಮಗಳು ನೋಡುವುದಕ್ಕೆ ಒಂದು ಸಂಭಾಷಣೆಯಂತಿವೆ. ನಮ್ಮ ಕಂಪ್ಯೂಟರ್ ಮೊದಲು ಸರ್ವರ್‌ಗೆ ತನ್ನ ಪರಿಚಯ ಹೇಳಿಕೊಳ್ಳುತ್ತದೆ. ಸರ್ವರ್ ‘250’ ಎನ್ನುತ್ತದೆ, ಎಂದರೆ ಆಗಲಿ, ಮುಂದುವರಿಸು ಎಂದರ್ಥ. ‘ಮೇಲ್ ಫ್ರಮ್’ ಎಂದು ಕಳುಹಿಸುವವರ ವಿಳಾಸ ಕೊಟ್ಟಾಗ ಮತ್ತೆ 250, ‘ಆರ್‌ಸಿಪಿಟಿ ಟು’ ಎಂದು ಪಡೆಯುವವರ ವಿಳಾಸ ಕೊಟ್ಟಾಗ ಮತ್ತೊಂದು 250. ‘ಡೇಟಾ’ ಎಂದೊಡನೆ ‘354’ ಎಂಬ ಉತ್ತರ ಬರುತ್ತದೆ: ಪತ್ರ ಕೊಡು, ಮುಗಿದಾಗ ಒಂದು ಸಾಲಿನಲ್ಲಿ ಬರೀ ಚುಕ್ಕೆ ಇಡು. ಆ ಒಂಟಿ ಚುಕ್ಕೆಯ ನಂತರ ಬರುವ 250ಕ್ಕೆ ಉಳಿದವುಗಳಿಗಿಲ್ಲದ ತೂಕವಿದೆ. ಪತ್ರವನ್ನು ತಲುಪಿಸುವ, ತಲುಪಿಸಲಾಗದಿದ್ದರೆ ಹಾಗೆಂದು ತಿಳಿಸುವ ಹೊಣೆಯನ್ನು ಸರ್ವರ್ ವಹಿಸಿಕೊಳ್ಳುವುದು ಆ ಗಳಿಗೆಯಲ್ಲಿ.

ಆದ್ದರಿಂದ ದುರಸ್ತಿಗೆ ಕೈಹಾಕುವ ಮೊದಲು ಪತ್ರ ಈಗ ಎಲ್ಲಿದೆ ಎಂದು ನೋಡಬೇಕು. ಔಟ್‌ಬಾಕ್ಸ್‌ನಲ್ಲಿದ್ದರೆ ಅದರ ಹೊಣೆಯನ್ನು ಇನ್ನೂ ಯಾರೂ ಹೊತ್ತಿಲ್ಲ. ದೋಷ ಇರುವುದು ನಮ್ಮ ಕಂಪ್ಯೂಟರ್ ಮತ್ತು ನಮ್ಮದೇ ಸರ್ವರ್ ನಡುವೆ. ಸೆಂಟ್ ಫೋಲ್ಡರ್ ಸೇರಿ ಆಮೇಲೆ ಮರಳಿ ಬಂದಿದ್ದರೆ, ನಮ್ಮ ಸೆಟ್ಟಿಂಗ್‌ಗಳನ್ನು ಕೆದಕಿ ಸಾಮಾನ್ಯವಾಗಿ ಪ್ರಯೋಜನವಿಲ್ಲ.

ಮೊದಲನೆಯ ಬಗೆಯಲ್ಲಿ ಆಗಾಗ ಕಾಣುವುದು ಪೋರ್ಟಿನ ತಕರಾರು. ಹಳೆಯ ಸೆಟ್ಟಿಂಗ್‌ಗಳಲ್ಲಿ 25 ಎಂದಿರುತ್ತದೆ. ವೈರಸ್ ತಗುಲಿದ ಮನೆಯ ಕಂಪ್ಯೂಟರ್‌ಗಳು ಆ ಬಾಗಿಲಿನಿಂದ ಸ್ಪ್ಯಾಮ್ ಸುರಿಯತೊಡಗಿದ ಮೇಲೆ ಅನೇಕ ಇಂಟರ್‌ನೆಟ್ ಕಂಪನಿಗಳು ಅದನ್ನು ಮುಚ್ಚಿಬಿಟ್ಟವು. ಬಳಕೆದಾರರು ಪತ್ರ ಸಲ್ಲಿಸುವುದಕ್ಕೆಂದೇ 1998ರಲ್ಲಿ 587ನ್ನು ಗೊತ್ತುಪಡಿಸಲಾಯಿತು. ಮೊದಲಿನಿಂದಲೇ ಗೂಢಲಿಪೀಕರಣವಿರುವ 465 ಕೂಡ ಇಂದು ಬಳಕೆಯಲ್ಲಿದೆ. ಮನೆಯಲ್ಲಿ ಹೋಗುವ ಪತ್ರ ಹೋಟೆಲಿನ ವೈಫೈನಲ್ಲಿ ಹೋಗುವುದಿಲ್ಲವೆಂದರೆ ಮೊದಲು ಅನುಮಾನಿಸಬೇಕಾದದ್ದು ಈ ಸಂಖ್ಯೆಯನ್ನೇ.

ಸರ್ವರ್ ‘535’ ಎಂದರೆ ಗುರುತಿನ ಪರೀಕ್ಷೆಯಲ್ಲಿ ನಾವು ಪಾಸಾಗಿಲ್ಲವೆಂದು ಅರ್ಥ. ಪಾಸ್‌ವರ್ಡ್ ಬದಲಿಸಿದವರು ಒಳಬರುವ ಸರ್ವರ್‌ನ ಜಾಗದಲ್ಲಿ ಹೊಸದನ್ನು ತುಂಬಿ, ಹೊರಹೋಗುವ ಸರ್ವರ್‌ನಲ್ಲಿ ಹಳೆಯದನ್ನೇ ಉಳಿಸಿರುತ್ತಾರೆ. ಇನ್ನು ಗೂಗಲ್, 2022ರ ಮೇ ತಿಂಗಳ ಕೊನೆಯಲ್ಲಿ, ವೈಯಕ್ತಿಕ ಖಾತೆಗಳಿಗೆ ಬರಿಯ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಪ್ರವೇಶಿಸುವ ಹಳೆಯ ತಂತ್ರಾಂಶಗಳಿಗೆ ತಡೆಹಾಕಿತು. ಅಂಥವುಗಳಿಗೆ ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ, 16 ಅಕ್ಷರಗಳ ‘ಆ್ಯಪ್ ಪಾಸ್‌ವರ್ಡ್’ ಪಡೆದು ತುಂಬಬೇಕು. ಸ್ಕ್ಯಾನ್ ಮಾಡಿದ್ದನ್ನು ನೇರ ಇಮೇಲ್ ಮಾಡುವ ಕಚೇರಿ ಯಂತ್ರಗಳಿಗೂ ಈ ಮಾತು ಅನ್ವಯಿಸುತ್ತದೆ.

ಲಗತ್ತಿನ ಗಾತ್ರದ ಲೆಕ್ಕ ಸ್ವಲ್ಪ ಮೋಸದ್ದು. ಎಸ್‌ಎಂಟಿಪಿ ಹುಟ್ಟಿದ್ದು 7 ಬಿಟ್‌ಗಳ ಸರಳ ಅಕ್ಷರಗಳಿಗಾಗಿ. ಫೋಟೋ, ಪಿಡಿಎಫ್‌ಗಳನ್ನು ಅದರಲ್ಲಿ ಸಾಗಿಸುವುದಕ್ಕೆ ಬೇಸ್64 ಎಂಬ ರೂಪಾಂತರ ಬೇಕಾಗುತ್ತದೆ, ಅದು ಪ್ರತಿ 3 ಬೈಟ್‌ಗಳನ್ನು 4 ಅಕ್ಷರಗಳಾಗಿ ಹಿಗ್ಗಿಸುತ್ತದೆ. ಸರ್ವರ್‌ನ ಮಿತಿ ಇಡೀ ಪತ್ರಕ್ಕೆ 25 ಎಂಬಿ ಎಂದಿದ್ದರೆ 19 ಎಂಬಿಯ ಫೈಲೇ ಅದನ್ನು ದಾಟಿಬಿಡುತ್ತದೆ. (ಯುನಿಕೋಡ್ ಕನ್ನಡದ ‘ಕ’ ಕೂಡ 3 ಬೈಟ್‌ಗಳದ್ದು, ಹೀಗೆ ಹಿಗ್ಗಿದಾಗ 4 ಅಕ್ಷರವಾಗುತ್ತದೆ. ಆದರೆ ಬರವಣಿಗೆಯಿಂದ ಮಿತಿ ಮೀರುವಷ್ಟು ಉದ್ದದ ಪತ್ರ ಬರೆಯುವವರು ಅಪರೂಪ.) ಇಂಥ ದೊಡ್ಡ ಪತ್ರವೊಂದು ಔಟ್‌ಬಾಕ್ಸ್‌ನಲ್ಲಿ ಸಿಕ್ಕಿಕೊಂಡು, ಅದರ ಹಿಂದಿನವನ್ನೂ ತಡೆಯುವುದುಂಟು. ಔಟ್‌ಲುಕ್‌ನಲ್ಲಿ ‘ವರ್ಕ್ ಆಫ್‌ಲೈನ್’ ಒತ್ತಿ, ಅದನ್ನು ಡ್ರಾಫ್ಟ್ಸ್‌ಗೆ ಎಳೆದು ಹಾಕಿದರೆ ದಾರಿ ತೆರವಾಗುತ್ತದೆ.

ಕಂಪ್ಯೂಟರಿನ ಗಡಿಯಾರ ತಪ್ಪಿದ್ದರೂ ಪತ್ರ ಹೋಗದು, ಏಕೆಂದರೆ ಸರ್ವರ್‌ನ ಗುರುತನ್ನು ಖಚಿತಪಡಿಸುವ ಪ್ರಮಾಣಪತ್ರದ ಅವಧಿ ಆ ಗಡಿಯಾರದ ಪ್ರಕಾರ ಮುಗಿದಿರುತ್ತದೆ ಅಥವಾ ಇನ್ನೂ ಆರಂಭವಾಗಿರುವುದಿಲ್ಲ. ಆಗ ಪತ್ರ ಬರುವುದೂ ನಿಲ್ಲಬಹುದು, ಬ್ರೌಸರೂ ಗೊಣಗುತ್ತದೆ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ಬಿಲ್ಲೆಯಂಥ ಬ್ಯಾಟರಿ ಬದಲಿಸಿ, ಗಡಿಯಾರ ಸರಿಪಡಿಸಿದರೆ ಸಾಕಾಗುತ್ತದೆ.

ಮರಳಿ ಬಂದ ಪತ್ರದ ವಿಷಯ ಬೇರೆ. ‘ಮೇಲರ್ ಡೀಮನ್’ ಹೆಸರಿನಲ್ಲಿ ಬರುವ ಆ ಉದ್ದನೆಯ ವರದಿಯನ್ನು ಓದದೆ ಅಳಿಸುವವರೇ ಹೆಚ್ಚು. ಬೇಕಾದ ಮಾಹಿತಿ ಇರುವುದು ಅಲ್ಲೇ. 4ರಿಂದ ಶುರುವಾಗುವ ಸಂಖ್ಯೆ ತಾತ್ಕಾಲಿಕ ಅಡ್ಡಿಯನ್ನು ಸೂಚಿಸುತ್ತದೆ. ಅಪರಿಚಿತ ಸರ್ವರ್‌ನಿಂದ ಬಂದದ್ದನ್ನು ಕೆಲವು ಸರ್ವರ್‌ಗಳು ಬೇಕೆಂದೇ ಮೊದಲ ಸಲ ಹೀಗೆ ಹಿಂದಕ್ಕೆ ಕಳಿಸುತ್ತವೆ, ಏಕೆಂದರೆ ಸ್ಪ್ಯಾಮ್ ಹಂಚುವವರು ಮತ್ತೆ ಬರುವುದು ಕಡಿಮೆ. ನಿಯಮಬದ್ಧ ಸರ್ವರ್ ತಾನಾಗಿ ಮತ್ತೆ ಮತ್ತೆ ಯತ್ನಿಸುತ್ತದೆ. ಕೈಬಿಡುವ ಮೊದಲು ಕನಿಷ್ಠ 4–5 ದಿನ ಕಾಯಬೇಕೆಂಬುದು ನಿಯಮದ ಸಲಹೆ. ಈ ನಡುವೆ ನಾವು ‘ಸೆಂಡ್’ ಒತ್ತುತ್ತ ಕೂತರೆ ಪಡೆಯುವವರಿಗೆ ಒಂದೇ ಪತ್ರ ಹಲವು ಸಲ ತಲುಪೀತು, ಅಷ್ಟೆ.

5ರಿಂದ ಶುರುವಾದರೆ ನಿರಾಕರಣೆ ಖಚಿತ. ಅದರ ಪಕ್ಕದಲ್ಲಿ ಚುಕ್ಕೆಗಳಿಂದ ಬೇರ್ಪಡಿಸಿದ ಮೂರು ಅಂಕಿಗಳಿದ್ದರೆ ನಡುವಿನದನ್ನು ಗಮನಿಸಬೇಕು: 5.1.1 ಎಂದರೆ ಆ ವಿಳಾಸವೇ ಇಲ್ಲ, 5.2.2 ಎಂದರೆ ಅವರ ಅಂಚೆಪೆಟ್ಟಿಗೆ ತುಂಬಿದೆ, 5.7ರಿಂದ ಶುರುವಾಗಿದ್ದರೆ ಭದ್ರತೆ ಅಥವಾ ನೀತಿಯ ಕಾರಣಕ್ಕೆ ತಡೆದಿದ್ದಾರೆ. ಮೊದಲನೆಯದಕ್ಕೆ ವಿಳಾಸದ ಕಾಗುಣಿತ ನೋಡಿಕೊಂಡರಾಯಿತು, ಎರಡನೆಯದಕ್ಕೆ ಅವರಿಗೊಂದು ಫೋನ್ ಮಾಡಬೇಕು. ಮೂರನೆಯದಾದರೆ ಆ ಇಡೀ ಸಾಲನ್ನು ನಕಲು ಮಾಡಿ ನಮ್ಮ ಮೇಲ್ ಸೇವೆಯ ತಂತ್ರಜ್ಞರಿಗೆ ಕೊಡಬೇಕು.